ಗುಲಾಮಗಿರಿಯ ಕಾದಂಬರಿ, ಹತ್ಯೆಯ ಪಿತೂರಿವಾದ: ಎರಡರಲ್ಲೂ ಅಧಿಕಾರ ಪೊಳ್ಳಾಗಿ ಕಾಣುವುದೇಕೆ?

ನೆರಳುಬರಹ:

ಅಮೆರಿಕದ ಗುಲಾಮಗಿರಿ ಕುರಿತ ಕಾದಂಬರಿಗಳನ್ನೂ, ಲಿಂಕನ್‌ನಿಂದ ಕೆನಡಿವರೆಗಿನ ಹತ್ಯೆಗಳ ಸುತ್ತ ಬೆಳೆದ ಪಿತೂರಿವಾದಗಳನ್ನೂ ಪಕ್ಕಪಕ್ಕ ಇಟ್ಟು ಓದುತ್ತಿದ್ದೇನೆ. ಎರಡರ ವಸ್ತುವೂ ಅಧಿಕಾರದ ದುರ್ಬಳಕೆ. ಆದರೆ ಒಂದರಲ್ಲಿ ಚಾಟಿ ಹಿಡಿದ ದುಷ್ಟ ಒಡೆಯ, ಇನ್ನೊಂದರಲ್ಲಿ ಎಲ್ಲ ಬಲ್ಲ, ಎಂದೂ ಎಡವದ ಕಾಣದ ಕೈ. ಎರಡೂ ನಂಬಿಕೆ ಹುಟ್ಟಿಸುವುದಿಲ್ಲ. ನಿಜದಲ್ಲಿ ಆ ಅಧಿಕಾರ ಹೇಗೆ ಕೆಲಸ ಮಾಡುತ್ತಿತ್ತು? ಬರೆಯುವವರು, ಓದುವವರು ಎಲ್ಲಿ ಕಣ್ಣಿಡಬೇಕು?

ಹಳೆಕಡತ:

ಒಡೆಯನ ಮುಖ ಬಿಟ್ಟು ಕಾಗದ ಹಿಡಿಯಿರಿ. ದುರ್ಬಳಕೆ ಎನ್ನಬೇಕಾದರೆ ಮೊದಲು ಒಂದು ಮಿತಿ ಇರಬೇಕು. ಆ ಮಿತಿಯನ್ನೇ ಕಾನೂನು ಕಿತ್ತುಹಾಕಿತ್ತು.

ಇಂಗ್ಲೆಂಡಿನ ರೂಢಿ ಕಾನೂನಿನಲ್ಲಿ ಮಗುವಿಗೆ ತಂದೆಯ ಸ್ಥಾನಮಾನ ಸಲ್ಲುತ್ತಿತ್ತು. ವರ್ಜೀನಿಯಾ 1662ರಲ್ಲಿ ಅದನ್ನು ತಿರುವಿಹಾಕಿ, ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದಿತು. ಇದರ ಫಲ ಏನೆಂದು ನೋಡಿ. ಒಡೆಯ ಗುಲಾಮ ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದರೆ ಶಿಕ್ಷೆಯ ಮಾತು ಹಾಗಿರಲಿ, ಹುಟ್ಟಿದ ಕೂಸು ಅವನ ಆಸ್ತಿಪಟ್ಟಿಯಲ್ಲಿ ಹೊಸದೊಂದು ಸಾಲಾಗುತ್ತಿತ್ತು. 1669ರಲ್ಲಿ ಅದೇ ವರ್ಜೀನಿಯಾ, ಎದುರುಬಿದ್ದ ಗುಲಾಮ ದಂಡನೆಯ ಹೊಡೆತಕ್ಕೆ ಸತ್ತರೆ ಅದು ಘೋರಾಪರಾಧವಲ್ಲ ಎಂದು ಶಾಸನ ಮಾಡಿತು. ತನ್ನ ಆಸ್ತಿಯನ್ನು ತಾನೇ ಬೇಕೆಂದು ಯಾರೂ ಹಾಳು ಮಾಡಿಕೊಳ್ಳುವುದಿಲ್ಲ ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ.

1829ರ ನಾರ್ತ್ ಕೆರೊಲಿನಾದ ಮ್ಯಾನ್ ಪ್ರಕರಣವನ್ನು ತಪ್ಪದೆ ಓದಿ. ಲಿಡಿಯಾ ಎಂಬ ಗುಲಾಮಳನ್ನು ಜಾನ್ ಮ್ಯಾನ್ ಒಂದು ವರ್ಷಕ್ಕೆ ಬಾಡಿಗೆಗೆ ಪಡೆದಿದ್ದ. ಏಟು ತಪ್ಪಿಸಿಕೊಂಡು ಓಡುತ್ತಿದ್ದವಳ ಮೇಲೆ ಗುಂಡು ಹಾರಿಸಿ ಗಾಯಗೊಳಿಸಿದ. ಕೆಳ ನ್ಯಾಯಾಲಯ 5 ಡಾಲರ್ ದಂಡ ಹಾಕಿತು. ರಾಜ್ಯದ ಸುಪ್ರೀಂ ಕೋರ್ಟ್ ಅದನ್ನೂ ರದ್ದು ಮಾಡಿತು. ಗುಲಾಮರ ಶರಣಾಗತಿ ಪೂರ್ಣವಾಗಬೇಕಾದರೆ ಒಡೆಯನ ಅಧಿಕಾರ ನಿರಂಕುಶವಾಗಿರಬೇಕು ಎಂದು ನ್ಯಾಯಮೂರ್ತಿ ಥಾಮಸ್ ರಫಿನ್ ಬರೆದರು. ಈ ನಿಯಮ ಕಠೋರ ಎಂದು ಅದೇ ತೀರ್ಪಿನಲ್ಲಿ ಒಪ್ಪಿಕೊಂಡೂ ಇದ್ದಾರೆ. ಗುಂಡು ಹಾರಿಸಿದವನು ಒಡೆಯನಲ್ಲ, ಬಾಡಿಗೆದಾರ ಎಂಬುದನ್ನು ಗಮನಿಸಿ. ಬಾಡಿಗೆ ಕರಾರಿನ ಜೊತೆಗೆ ಆ ನಿರಂಕುಶತೆಯೂ ಕೈ ಬದಲಾಯಿಸುತ್ತಿತ್ತು.

ಮಿಸೌರಿಯ ಸೀಲಿಯಾ ಎಂಬ ಗುಲಾಮಳ ಪ್ರಕರಣ ಇನ್ನೊಂದು. ಬಲಾತ್ಕಾರವನ್ನು ತಡೆಯುವ ಆ ರಾಜ್ಯದ ಕಾನೂನಿನಲ್ಲಿ ‘ಯಾವುದೇ ಹೆಂಗಸು’ ಎಂದೇ ಬರೆದಿತ್ತು. ವರ್ಷಗಟ್ಟಲೆ ತನ್ನ ಮೇಲೆ ಬಲಾತ್ಕಾರ ಮಾಡಿದ ಒಡೆಯನನ್ನು ಆಕೆ 1855ರಲ್ಲಿ ಕೊಂದಾಗ, ಆ ಮಾತು ಗುಲಾಮಳಿಗೂ ಅನ್ವಯಿಸುತ್ತದೆ ಎಂದು ಜ್ಯೂರಿಗೆ ತಿಳಿಸಿ ಎಂದು ವಕೀಲರು ಕೇಳಿದರು. ನ್ಯಾಯಾಧೀಶ ಒಪ್ಪಲಿಲ್ಲ. ಅದೇ ವರ್ಷ ಡಿಸೆಂಬರ್ 21ರಂದು ಗಲ್ಲು.

ಮಸಿಕುಡಿಕೆ:

ಮೇಲಿನದನ್ನು ಕಥೆಗೆ ಇಳಿಸುವಾಗ ಆಗುವ ಎಡವಟ್ಟುಗಳನ್ನು ಹೇಳುತ್ತೇನೆ.

ಮೊದಲು ಪದ. ‘ಜೀತದಾಳು’ ಎಂದು ಅನುವಾದಿಸಬೇಡಿ. ಜೀತಕ್ಕೆ ಸಾಲ ತೀರುವ ಒಂದು ಕಲ್ಪನೆಯಾದರೂ ಇರುತ್ತದೆ. ಇಲ್ಲಿ ಸಾಲ ಒಡೆಯನದು, ಮಾರಾಟವಾಗುವವನು ಗುಲಾಮ. ಈ ವ್ಯತ್ಯಾಸದ ಮೇಲೆಯೇ ಇಡೀ ಕಥೆ ನಿಂತಿರುತ್ತದೆ. 1852ರಲ್ಲಿ ಪುಸ್ತಕವಾಗಿ ಬಂದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ತೆರೆದುಕೊಳ್ಳುವುದೇ ಒಬ್ಬ ಮೆದು ಸ್ವಭಾವದ ಒಡೆಯ ಸಾಲ ತೀರಿಸಲು ಟಾಮ್‌ನನ್ನು ವ್ಯಾಪಾರಿಗೆ ಮಾರುವ ಮಾತುಕತೆಯಿಂದ. ಕಾದಂಬರಿಯಲ್ಲಿ ಮುಂದೆ ಬರುವ ಕ್ರೂರ ಒಡೆಯನಿಗಿಂತ ಈ ಮೊದಲ ದೃಶ್ಯವೇ ಹೆಚ್ಚು ಭಯ ಹುಟ್ಟಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಗುಲಾಮರನ್ನು ಅಡವಿಡಬಹುದಿತ್ತು. ಒಡೆಯ ಸತ್ತರೆ ಸಾಲಗಾರರಿಗೆ ಕೊಡಲು ಹರಾಜು ಹಾಕಬಹುದಿತ್ತು. ಒಳ್ಳೆಯ ಒಡೆಯನ ಸಾವು ಆ ಅಂಗಳದಲ್ಲಿ ಒಂದು ಅನಾಹುತ.

ಎರಡನೆಯದು ಅಳತೆ. ಚಾಟಿಯೇಟನ್ನು ಬರಿಯ ಸಿಟ್ಟಿನ ಸ್ಫೋಟವಾಗಿ ಬರೆದರೆ ಅರ್ಧ ಸತ್ಯ ಕೈಬಿಡುತ್ತದೆ. ಲೂಯಿಸಿಯಾನಾದಲ್ಲಿ ಒಬ್ಬ ಆಳು ದಿನಕ್ಕೆ 200 ಪೌಂಡ್, ಅಂದರೆ ಸುಮಾರು 90 ಕಿಲೋ ಹತ್ತಿ ಬಿಡಿಸುವುದು ಸಾಮಾನ್ಯ ಕೆಲಸ ಎಂದು ಅಲ್ಲಿ 12 ವರ್ಷ ಗುಲಾಮರಾಗಿ ದುಡಿದ ಸಾಲೊಮನ್ ನಾರ್ಥಪ್ ದಾಖಲಿಸಿದ್ದಾರೆ. ಸಂಜೆ ತಕ್ಕಡಿಯ ಮುಂದೆ ಸಾಲು. ತೂಕ ಕಡಿಮೆಯಾದರೆ ಏಟು. ಹೆಚ್ಚಾದರೂ ಅಪಾಯವೇ, ಏಕೆಂದರೆ ನಾಳೆಗೆ ಅಷ್ಟೇ ತೂಕ ನಿಗದಿಯಾಗುತ್ತದೆ. ದೃಶ್ಯವನ್ನು ತಕ್ಕಡಿಯಿಂದ ಶುರುಮಾಡಿ, ಚಾಟಿ ತಾನಾಗಿ ಬರುತ್ತದೆ.

ಓಡಿಹೋಗುವ ಪ್ರಸಂಗದಲ್ಲಿ ನಾಯಿ, ಹೊಳೆ ಎಲ್ಲರೂ ಬರೆಯುತ್ತಾರೆ. ಚೀಟಿಯನ್ನು ಮರೆಯುತ್ತಾರೆ. ತೋಟದಾಚೆ ಹೋಗಲು ಒಡೆಯನ ಕೈಬರಹದ ಚೀಟಿ ಬೇಕಿತ್ತು, ದಾರಿಯಲ್ಲಿ ಗಸ್ತಿನವರು ಕೇಳುತ್ತಿದ್ದರು. ಅಕ್ಷರ ಬಲ್ಲ ಗುಲಾಮ ತಾನೇ ಚೀಟಿ ಬರೆದುಕೊಳ್ಳಬಲ್ಲ. ಗುಲಾಮರು ಎದ್ದ ಸ್ಟೊನೊ ದಂಗೆಯ ಮರುವರ್ಷವೇ, 1740ರಲ್ಲಿ, ಸೌತ್ ಕೆರೊಲಿನಾ ಗುಲಾಮರಿಗೆ ಬರವಣಿಗೆ ಕಲಿಸುವುದನ್ನು ನಿಷೇಧಿಸಿದ್ದರ ಹಿಂದೆ ಇಂಥ ಲೆಕ್ಕಾಚಾರವಿತ್ತು. ಒಡೆಯನಿಂದ ತಪ್ಪಿಸಿಕೊಂಡ ಗುಲಾಮಳು ಹ್ಯಾರಿಯಟ್ ಜೇಕಬ್ಸ್ ಅಜ್ಜಿಯ ಮನೆಯ ಅಟ್ಟದಲ್ಲಿ, 9 ಅಡಿ ಉದ್ದ, 7 ಅಡಿ ಅಗಲ, ಹೆಚ್ಚೆಂದರೆ 3 ಅಡಿ ಎತ್ತರದ ಸಂದಿಯಲ್ಲಿ, ಸುಮಾರು 7 ವರ್ಷ ಅಡಗಿದ್ದರು. ಅಲ್ಲಿಂದಲೇ ಕಾಗದ ಬರೆದು, ನ್ಯೂಯಾರ್ಕಿನಿಂದ ಅಂಚೆಗೆ ಹಾಕಿಸಿ, ಒಡೆಯನ ಹುಡುಕಾಟದ ದಿಕ್ಕು ತಪ್ಪಿಸಿದರು.

ಪಾಟೀಸವಾಲು:

ಹತ್ಯೆಯ ಕಡೆಗೆ ಬರೋಣ. ಪಿತೂರಿವಾದಿಗಳ ಮುಖ್ಯ ತಪ್ಪು ಮುಚ್ಚಿಟ್ಟದ್ದನ್ನೂ ಮಾಡಿದ್ದನ್ನೂ ಒಂದೇ ಎಂದುಕೊಳ್ಳುವುದು. ಕಚೇರಿಗಳು ಕೊಲೆ ಮುಚ್ಚಲು ಮಾತ್ರ ಕಡತ ಸುಡುವುದಿಲ್ಲ. ಮರ್ಯಾದೆ ಉಳಿಸಿಕೊಳ್ಳಲೂ ಸುಡುತ್ತವೆ.

ಕೆನಡಿ ಪ್ರಕರಣವನ್ನೇ ತೆಗೆದುಕೊಳ್ಳಿ. ಕೆನಡಿಯ ಹಂತಕನೆಂದು ಸೆರೆಸಿಕ್ಕ ಓಸ್ವಾಲ್ಡ್, ಹತ್ಯೆಗೆ ಮುಂಚೆ ಡಲ್ಲಾಸ್‌ನ ಎಫ್‌ಬಿಐ ಕಚೇರಿಗೆ ಕೊಟ್ಟಿದ್ದ ಚೀಟಿಯೊಂದನ್ನು ಅವನು ಸತ್ತ ಮೇಲೆ ಅಲ್ಲಿನ ಅಧಿಕಾರಿಯೇ ಹರಿದು ನೀರಿಗೆ ಹಾಕಿದ. 1963ರ ನವೆಂಬರ್ 25ರ ಟಿಪ್ಪಣಿಯಲ್ಲಿ ಉಪ ಅಟಾರ್ನಿ ಜನರಲ್ ಕ್ಯಾಟ್ಜೆನ್‌ಬಾಕ್, ಓಸ್ವಾಲ್ಡನೇ ಹಂತಕ ಎಂದು ಜನರಿಗೆ ಮನವರಿಕೆಯಾಗಬೇಕು ಎಂದು ಬರೆದರು. ತನಿಖೆ ಆಗ ಇನ್ನೂ ಮೊಳಕೆಯಲ್ಲಿತ್ತು. ಕೆನಡಿಯ ಆಡಳಿತದಲ್ಲೇ ಸಿಐಎ ಮುಖ್ಯಸ್ಥನ ಹುದ್ದೆ ಬಿಡಬೇಕಾಗಿ ಬಂದಿದ್ದ ಆಲೆನ್ ಡಲೆಸ್, ಹತ್ಯೆಯ ತನಿಖೆಗೆ ನೇಮಿಸಿದ್ದ ವಾರನ್ ಆಯೋಗದಲ್ಲಿ ಸದಸ್ಯರಾಗಿ ಕುಳಿತರು. ಕ್ಯೂಬಾದ ನಾಯಕ ಕ್ಯಾಸ್ಟ್ರೊ ಕೊಲೆಗೆ ಸಿಐಎ ಹಾಕಿದ್ದ ಸಂಚುಗಳ ವಿಷಯ ಆಯೋಗದ ಮುಂದೆ ಬರಲೇ ಇಲ್ಲ. ಇದೆಲ್ಲ ಅಧಿಕಾರದ ದುರ್ಬಳಕೆ, ಅನುಮಾನವಿಲ್ಲ. ಆದರೆ ಎರಡನೇ ಬಂದೂಕುಧಾರಿ ಇದ್ದ ಎಂಬುದಕ್ಕೆ ಇದು ಸಾಕ್ಷಿಯಲ್ಲ.

ಆ ವಾದಕ್ಕೆ ಸಿಕ್ಕ ಗಟ್ಟಿ ಆಸರೆ 1979ರದು. ಪೊಲೀಸ್ ರೇಡಿಯೊದ ಧ್ವನಿಮುದ್ರಣ ಆಧರಿಸಿ, ಬಹುಶಃ ಪಿತೂರಿ ನಡೆದಿತ್ತು ಎಂದು ಪ್ರತಿನಿಧಿ ಸಭೆಯ ಸಮಿತಿ ಹೇಳಿತು. 1982ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಂಡ ಅದೇ ಮುದ್ರಣದಲ್ಲಿ ಇನ್ನೊಂದು ಚಾನೆಲ್‌ನಿಂದ ನುಸುಳಿದ, ಹತ್ಯೆಯ ನಂತರ ಆಡಿದ ಮಾತನ್ನು ಹಿಡಿಯಿತು. ಗುಂಡಿನದೆಂದ ಸದ್ದುಗಳು ಹತ್ಯೆಯಾಗಿ ಸುಮಾರು ಒಂದು ನಿಮಿಷದ ನಂತರದವು ಎಂದು ತೀರ್ಮಾನಿಸಿತು.

ನಿಜವಾದ ಸಂಚು ಹೇಗಿರುತ್ತದೆ ಎಂಬುದಕ್ಕೆ ಸೆನೆಟ್‌ನ ಚರ್ಚ್ ಸಮಿತಿಯ 1975ರ ವರದಿ ನೋಡಿ. 1960ರಿಂದ 65ರ ನಡುವೆ ಕ್ಯಾಸ್ಟ್ರೊ ಮೇಲೆ ಕನಿಷ್ಠ 8 ಸಂಚುಗಳು. ವಿಷದ ಮಾತ್ರೆ, ವಿಷ ಸವರಿದ ಸಿಗಾರು, ಮಾಫಿಯಾದವರ ನೆರವು. ಒಂದೂ ಫಲಿಸಲಿಲ್ಲ. ಎಂದೂ ಎಡವದ ಕೈ ಎಂದಿರಲ್ಲ, ಇದು ಅದರ ಅಸಲಿ ರೂಪ. 1976ರಲ್ಲಿ ಅಧ್ಯಕ್ಷ ಫೋರ್ಡ್ ಸರ್ಕಾರಿ ನೌಕರರು ರಾಜಕೀಯ ಹತ್ಯೆಯಲ್ಲಿ ತೊಡಗಬಾರದೆಂದು ಲಿಖಿತ ಆದೇಶವನ್ನೇ ಹೊರಡಿಸಬೇಕಾಯಿತು.

ಇನ್ನು ಫಲಿಸಿದ್ದಕ್ಕೆ ಉದಾಹರಣೆ: 1969ರ ಡಿಸೆಂಬರ್ 4ರ ನಸುಕಿನಲ್ಲಿ ಷಿಕಾಗೊ ಪೊಲೀಸರು ಕಪ್ಪು ಜನರ ಹೋರಾಟದ ಪಕ್ಷವಾದ ಬ್ಲ್ಯಾಕ್ ಪ್ಯಾಂಥರ್‌ನ ನಾಯಕ ಫ್ರೆಡ್ ಹ್ಯಾಂಪ್ಟನ್‌ನನ್ನು ಕೊಂದದ್ದು. ಗುಂಡಿನ ಕಾಳಗ ಎಂದರು. ಪೊಲೀಸರು ಹಾರಿಸಿದ್ದು 80ಕ್ಕೂ ಹೆಚ್ಚು ಗುಂಡು, ಒಳಗಿನಿಂದ ಬಂದದ್ದು ಹೆಚ್ಚೆಂದರೆ ಒಂದು ಎಂದು ಫೆಡರಲ್ ಗ್ರ್ಯಾಂಡ್ ಜ್ಯೂರಿ ಕಂಡಿತು. ಮನೆಯ ನಕ್ಷೆ ಪೊಲೀಸರಿಗೆ ದಾಟಿದ್ದು ಎಫ್‌ಬಿಐ ಮಾಹಿತಿದಾರನಿಂದ. ಅವನಿಗೆ ಆಮೇಲೆ 300 ಡಾಲರ್ ಬೋನಸ್ ಮಂಜೂರಾಯಿತು. ಇದು ಗೊತ್ತಾದದ್ದು ಊಹೆಯಿಂದಲ್ಲ, ವರ್ಷಗಟ್ಟಲೆ ನಡೆದ ಸಿವಿಲ್ ದಾವೆಯಲ್ಲಿ ಹೊರಬಿದ್ದ ಕಡತಗಳಿಂದ.

ಹಳೆಕಡತ:

ಆ 300 ಡಾಲರ್‌ಗೆ ಒಬ್ಬ ಹಿರಿಯಣ್ಣ ಇದ್ದಾನೆ. 1850ರ ಪಲಾಯಿತ ಗುಲಾಮರ ಕಾಯ್ದೆಯ ಪ್ರಕಾರ ಹಿಡಿದು ತಂದವರನ್ನು ಒಡೆಯನಿಗೆ ಒಪ್ಪಿಸಿದರೆ, ತೀರ್ಮಾನ ಕೊಡುವ ಕಮಿಷನರ್‌ಗೆ 10 ಡಾಲರ್, ಬಿಡುಗಡೆ ಮಾಡಿದರೆ 5. ಒಪ್ಪಿಸುವಾಗ ಕಾಗದಪತ್ರದ ಕೆಲಸ ಹೆಚ್ಚು ಎಂಬುದು ಅಧಿಕೃತ ಸಬೂಬು. ಹಿಡಿಸಿಕೊಂಡವರಿಗೆ ಜ್ಯೂರಿ ಇಲ್ಲ, ತಮ್ಮ ಪರವಾಗಿ ಸಾಕ್ಷಿ ನುಡಿಯುವಂತೆಯೂ ಇಲ್ಲ.

ನೆರಳುಬರಹ:

ಹಾಗಾದರೆ ಎರಡೂ ಎಳೆ ಒಂದೇ ಕಡೆ ಕೂಡುವ ಪ್ರಕರಣ ಲಿಂಕನ್‌ನದೇ ಅಲ್ಲವೇ?

ಪಾಟೀಸವಾಲು:

ಹೌದು. 1865ರ ಏಪ್ರಿಲ್ 11ರಂದು ಲಿಂಕನ್, ಕಪ್ಪು ಜನರಲ್ಲಿ ಕೆಲವರಿಗಾದರೂ ಮತದ ಹಕ್ಕು ಸಿಗಲಿ ಎಂದು ಬಹಿರಂಗವಾಗಿ ಹೇಳಿದರು. ಅವರನ್ನು ಕೊಂದ ಬೂತ್ ಆ ಮಾತು ಕೇಳುತ್ತಿದ್ದ ಗುಂಪಿನಲ್ಲಿದ್ದ. ಮೂರನೇ ದಿನ ಗುಂಡು. ಬೂತ್‌ನ ಮೈಮೇಲೆ ಸಿಕ್ಕ ದಿನಚರಿ ಯುದ್ಧ ಸಚಿವ ಸ್ಟ್ಯಾಂಟನ್ ಕೈ ಸೇರಿತು, ವಿಚಾರಣೆಯಲ್ಲಿ ಹಾಜರಾಗಲಿಲ್ಲ. 1867ರಲ್ಲಿ ಅದು ಬೆಳಕಿಗೆ ಬಂದಾಗ ಹಾಳೆಗಳು ಕಾಣೆಯಾಗಿದ್ದವು. ಸ್ಟ್ಯಾಂಟನ್‌ನೇ ಕೊಲ್ಲಿಸಿದ ಎಂಬ ವಾದ ಆ ಹಾಳೆಗಳನ್ನು ಬಹಳ ನೆಚ್ಚಿಕೊಂಡಿದೆ. ಪುರಾವೆ ಸೊನ್ನೆ.

ಹಳೆಕಡತ:

ನಾನಾದರೆ ದಿನಚರಿಗಿಂತ ಸಾಕ್ಷಿಕಟ್ಟೆಯ ಕಡೆ ನೋಡುತ್ತೇನೆ. ಆರೋಪಿಗಳು 8 ಮಂದಿ, ಎಲ್ಲರೂ ನಾಗರಿಕರು, ವಿಚಾರಿಸಿದ್ದು 9 ಸೇನಾಧಿಕಾರಿಗಳ ಆಯೋಗ. ಮರಣದಂಡನೆಗೆ ಮೂರನೇ ಎರಡರಷ್ಟು ಮತ ಸಾಕಿತ್ತು. ಆರೋಪಿಗಳಲ್ಲಿ ಒಬ್ಬಳಾದ ಮೇರಿ ಸರಾಟ್‌ಗೆ ದಯೆ ತೋರಿ ಎಂದು ಐವರು ಸದಸ್ಯರು ಸಹಿ ಹಾಕಿದ ಕಾಗದವನ್ನು ತಾವು ನೋಡಲೇ ಇಲ್ಲ ಎಂದು ಅಧ್ಯಕ್ಷ ಜಾನ್ಸನ್ ಆಮೇಲೆ ಹೇಳಿದರು. ತೋರಿಸಿದ್ದೆ ಎಂದರು ಪ್ರಾಸಿಕ್ಯೂಟರ್ ಹೋಲ್ಟ್. ನಾಗರಿಕ ನ್ಯಾಯಾಲಯಗಳು ತೆರೆದಿರುವ ಕಡೆ ನಾಗರಿಕರನ್ನು ಸೇನಾ ಆಯೋಗದ ಮುಂದೆ ನಿಲ್ಲಿಸುವಂತಿಲ್ಲ ಎಂದು 1866ರ ಮಿಲಿಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟು ಹೊತ್ತಿಗೆ ನಾಲ್ವರಿಗೆ ಗಲ್ಲಾಗಿ ಹೋಗಿತ್ತು.

ಆದರೆ ಅದೇ ಆಯೋಗದ ಮುಂದೆ, ಬೂತ್‌ನ ಮುರಿದ ಕಾಲಿಗೆ ಪಟ್ಟಿ ಕಟ್ಟಿದ ಡಾಕ್ಟರ್ ಸ್ಯಾಮ್ಯುಯಲ್ ಮಡ್ ವಿರುದ್ಧ, ಅವನದೇ ಮನೆಯಲ್ಲಿ ಗುಲಾಮಳಾಗಿದ್ದ ಮೇರಿ ಸಿಮ್ಸ್ ನಿಂತು ಮಾತಾಡಿದಳು. ಅಲ್ಲೇ ಗುಲಾಮನಾಗಿದ್ದ ಎಲ್ಜಿ ಎಗ್ಲೆಂಟ್, ಮಡ್ ತನ್ನ ಮೇಲೆ ಗುಂಡು ಹಾರಿಸಿದ್ದನೆಂದು ಹೇಳಿದ. ಮಡ್‌ನ ಊರಿರುವ ಮೇರಿಲ್ಯಾಂಡಿನ ಸಾಮಾನ್ಯ ನ್ಯಾಯಾಲಯದಲ್ಲಿ ಬಿಳಿಯನ ವಿರುದ್ಧ ಅವರಿಬ್ಬರ ಮಾತಿಗೆ ಆಗ ಬೆಲೆಯಿರಲಿಲ್ಲ. ಇತ್ತ ಆರೋಪಿ ಮಡ್, ಆ ಕಾಲದ ನಿಯಮದಂತೆ, ತನ್ನ ಪರವಾಗಿ ಸಾಕ್ಷಿ ನುಡಿಯುವಂತಿರಲಿಲ್ಲ. ಬಾಯಿ ಮುಚ್ಚಿ ಕುಳಿತು ಕೇಳಿಸಿಕೊಂಡ.