ಟ್ಯಾಂಜೆಂಟ್ ಸರಿ ಇದೆ, ಆದರೂ ಮೂಲೆಯಲ್ಲಿ ಬೆಳಕು ಮುರಿಯುತ್ತದೆ. ಏಲಿಯಸ್ ಕಲಿಯಬೇಕಾ?

ಮಂಡ್ಯ_ಮೆಕ್ಯಾನಿಕಲ್:
ಮಂಡ್ಯದಿಂದ ದಿನಾ ರೈಲಿನಲ್ಲಿ ಬಂದು ಹೂಟಗಳ್ಳಿಯ ಒಂದು ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತೇನೆ. ಸಾಲಿಡ್‌ವರ್ಕ್ಸ್ ಅನ್ನುವ 3ಡಿ ಡಿಸೈನ್ ಸಾಫ್ಟ್‌ವೇರ್ ಚೆನ್ನಾಗಿ ಬರುತ್ತದೆ. ಪ್ರಾಡಕ್ಟ್ ಡಿಸೈನ್ ಕಡೆ ಹೋಗುವ ಆಸೆ. ಪೋರ್ಟ್‌ಫೋಲಿಯೊಗೆ ಅಂತ ಒಂದು ಮಿಕ್ಸಿ ಬಾಡಿ ಮಾಡಿದೆ. ರೆಂಡರ್‌ನಲ್ಲಿ ಫಿಲೆಟ್ (ಅಂಚಿನ ದುಂಡು) ಶುರುವಾಗುವ ಕಡೆಯೆಲ್ಲ ಬೆಳಕು ಮುರಿದ ಹಾಗೆ ಕಾಣುತ್ತದೆ. ಗ್ಯಾಪ್ ಇಲ್ಲ, ಎಲ್ಲ ಕಡೆ ಟ್ಯಾಂಜೆಂಟ್ ಇದೆ, ಅಂದರೆ ಮುಖಗಳು ಒಂದೇ ದಿಕ್ಕಿನಲ್ಲಿ ಕೂಡುತ್ತವೆ. ಏಲಿಯಸ್ (ಸರ್ಫೇಸ್ ಮಾಡೆಲಿಂಗ್ ಸಾಫ್ಟ್‌ವೇರ್) ಕೋರ್ಸ್‌ಗೆ ದುಡ್ಡು ಸುರಿಯಬೇಕಾ?

ಯಾದವಗಿರಿ_ಸರ್ಫೇಸ್:
ದುಡ್ಡು ಜೇಬಲ್ಲೇ ಇರಲಿ ಗುರು. ಟ್ಯಾಂಜೆಂಟ್ ಸಾಕು ಅಂದುಕೊಂಡಿರುವುದೇ ತೊಂದರೆ. ಫ್ಲಾಟ್ ಮುಖದ ಕರ್ವೇಚರ್ (ಬಾಗುವ ಪ್ರಮಾಣ, 1/ರೇಡಿಯಸ್) ಸೊನ್ನೆ. ಅದಕ್ಕೆ 10 ಎಂಎಂ ಫಿಲೆಟ್ ಹಾಕಿದ ಕೂಡಲೇ ಕರ್ವೇಚರ್ ಒಂದೇ ಸಲ 1/10ಕ್ಕೆ ಜಿಗಿಯುತ್ತದೆ. ದಿಕ್ಕು ಕೂಡಿತು, ಕರ್ವೇಚರ್ ಕೂಡಲಿಲ್ಲ. ಇದು ಜಿ1, ಕರ್ವೇಚರ್ ಸಹ ಕೂಡಿದರೆ ಜಿ2. ಜೀಬ್ರಾ ಸ್ಟ್ರೈಪ್ಸ್ (ಮಾಡೆಲ್ ಮೇಲೆ ಕಪ್ಪುಬಿಳಿ ಪಟ್ಟೆ ಪ್ರತಿಫಲಿಸಿದಂತೆ ತೋರಿಸುವ ಆಯ್ಕೆ) ಆನ್ ಮಾಡಿ: ಪಟ್ಟೆಗಳು ಸೇರುತ್ತವೆ, ಆದರೆ ಸೇರುವ ಜಾಗದಲ್ಲಿ ಸೊಟ್ಟಗಾಗುತ್ತವೆ. ಜಿ2 ಆದರೆ ನಯವಾಗಿ ಹರಿಯುತ್ತವೆ. ಸಾಲಿಡ್‌ವರ್ಕ್ಸ್ ಫಿಲೆಟ್‌ನಲ್ಲೇ ಕರ್ವೇಚರ್ ಕಂಟಿನ್ಯೂಯಸ್ ಅನ್ನುವ ಆಯ್ಕೆ ಇದೆ, ಮೊದಲು ಅದನ್ನು ಹಾಕಿ ನೋಡಿ.

ಆದರೆ ನಿಜವಾದ ಕಲಿಕೆ ಕರ್ವ್‌ನ ಆಕಾರ ಹಿಡಿದಿಡುವ ಕಂಟ್ರೋಲ್ ಪಾಯಿಂಟ್‌ಗಳಲ್ಲಿದೆ. ಜಿ2 ಬೇಕೆಂದರೆ ಒಂದು ತುದಿಯಲ್ಲಿ ಮೂರು ಪಾಯಿಂಟ್ ಕಟ್ಟಿಬೀಳುತ್ತವೆ: ಜಾಗಕ್ಕೊಂದು, ದಿಕ್ಕಿಗೊಂದು, ಕರ್ವೇಚರ್‌ಗೊಂದು. ಎರಡೂ ತುದಿಗೆ ಆರು. ಅದಕ್ಕೇ ಸರ್ಫೇಸಿಂಗ್ ಮಾಡುವವರು ಡಿಗ್ರಿ 5, ಸಿಂಗಲ್ ಸ್ಪ್ಯಾನ್ (ಆರು ಪಾಯಿಂಟ್‌ನ ಒಂದೇ ತುಂಡು) ಅಂತ ಜಪ ಮಾಡುವುದು. ಪಾಯಿಂಟ್ ಜಾಸ್ತಿ ಆದಷ್ಟೂ ಸರ್ಫೇಸ್ ಅಲೆಯಾಗುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ಸರ್ಫೇಸ್‌ನ ಈ ಪಾಯಿಂಟ್‌ಗಳನ್ನು ನೇರವಾಗಿ ಹಿಡಿದು ಎಳೆಯುವ ಅಭ್ಯಾಸ ಆಗುವುದಿಲ್ಲ. ರೈನೋ ಸಾಫ್ಟ್‌ವೇರ್‌ಗೆ 90 ದಿನದ ಟ್ರಯಲ್ ಸಿಗುತ್ತದೆ, ಕಲಿಯಲು ಅದು ಧಾರಾಳ. ಕಾರ್ ಸ್ಟುಡಿಯೊ ಕಡೆ ಹೋಗುವುದಾದರೆ ಮಾತ್ರ ಏಲಿಯಸ್ ಅಥವಾ ಐಸೆಮ್ ಸರ್ಫ್ ನೋಡಿ.

ಕಟ್ಟುವ ಕ್ರಮವೂ ಮುಖ್ಯ. ದೊಡ್ಡ ಮುಖಗಳನ್ನು ಮೊದಲು ಮಾಡಿ, ಬೇಕಾದ್ದಕ್ಕಿಂತ ಉದ್ದ ಬಿಡಿ. ಒಂದನ್ನೊಂದು ಕತ್ತರಿಸಿ ಹೋಗಲಿ. ಆಮೇಲೆ ಟ್ರಿಮ್, ಕೊನೆಗೆ ಬ್ಲೆಂಡ್ (ಮುಖಗಳನ್ನು ನಯವಾಗಿ ಕೂಡಿಸುವ ಸರ್ಫೇಸ್). ಔಟ್‌ಲೈನ್ ಬರೆದು ನಡುವೆ ಫಿಲ್ಡ್ ಸರ್ಫೇಸ್ ತುಂಬುವ ಚಟ ಇದ್ದರೆ ಇವತ್ತೇ ಬಿಡಿ.

ಇನ್ನೊಂದು, ಇದು ಪುಕ್ಕಟೆ. ಇಲ್ಲಿನ ಫ್ಯಾಕ್ಟರಿ 1996ರಲ್ಲೇ ಮುಚ್ಚಿದರೂ ಮೈಸೂರಿನಲ್ಲಿ ಹಳೇ ಯೆಜ್ಡಿ ಬೈಕಿಗೆ ಬರವಿಲ್ಲ. ಟ್ಯೂಬ್‌ಲೈಟ್ ಕೆಳಗೆ ನಿಂತ ಒಂದರ ಟ್ಯಾಂಕ್ ನೋಡಿ. ತಲೆಯನ್ನು ನಿಧಾನಕ್ಕೆ ಆಚೀಚೆ ಆಡಿಸಿ. ಬೆಳಕಿನ ಗೆರೆ ಎಲ್ಲಿ ಅಗಲವಾಗುತ್ತದೆ, ಎಲ್ಲಿ ಓಡುತ್ತದೆ, ಡೆಂಟ್ ಬಿದ್ದ ಕಡೆ ಹೇಗೆ ನಡುಗುತ್ತದೆ ಅಂತ ಗಮನಿಸಿ. ಓನರ್ ಬಂದು ಏನ್ರೀ ಅಂತ ಕೇಳಿದರೆ ನನ್ನ ಹೆಸರು ಹೇಳಬೇಡಿ.

ಕೂರ್ಗಳ್ಳಿ_ಮೌಲ್ಡ್:
ಮೇಲಿನವರು ಹೇಳಿದ್ದು ಸರಿ, ಆದರೆ ಮಿಕ್ಸಿಯ ತಳಕ್ಕೆಲ್ಲ ಜಿ2 ಬೇಕಾ ಸ್ವಾಮಿ? ಗ್ಲಾಸಿ ಇರುವ ಕಡೆ ಮಾಡಿ. ಟೆಕ್ಸ್ಚರ್ ಬರುವ ಕಡೆ ಸಣ್ಣಪುಟ್ಟದ್ದೆಲ್ಲ ಮುಚ್ಚಿಹೋಗುತ್ತದೆ. ಆದರೆ ಅಲ್ಲಿ ಡ್ರಾಫ್ಟ್ (ಮೌಲ್ಡ್‌ನಿಂದ ಭಾಗ ಸಲೀಸಾಗಿ ಬರಲು ಕೊಡುವ ಓರೆ) ಜಾಸ್ತಿ ಬೇಕು, ಟೆಕ್ಸ್ಚರ್‌ನ ಪ್ರತಿ 0.025 ಎಂಎಂ ಆಳಕ್ಕೆ ಸುಮಾರು 1ರಿಂದ 1.5 ಡಿಗ್ರಿ. ಟೂಲ್ ರೂಮಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಪಾರ್ಟಿಂಗ್ ಲೈನ್ (ಮೌಲ್ಡ್‌ನ ಎರಡು ಭಾಗ ಸೇರುವ ಗೆರೆ) ಮಾತ್ರ ಮೊದಲೇ ತೀರ್ಮಾನ ಮಾಡಿ. ಕೊನೆಯಲ್ಲಿ ಡ್ರಾಫ್ಟ್ ಸೇರಿಸಲು ಹೋದರೆ ಮಾಡಿದ ಸರ್ಫೇಸ್ ಎಲ್ಲ ಮತ್ತೆ ಮಾಡಬೇಕು.

ಮಂಡ್ಯ_ಮೆಕ್ಯಾನಿಕಲ್:
ಥ್ಯಾಂಕ್ಸ್ ಸರ್. ಫಿಲೆಟ್ ಬದಲಾಯಿಸಿದೆ, ಪಕ್ಕದ ಪಟ್ಟೆಗಳು ಸರಿಹೋದವು. ಮೂರು ಫಿಲೆಟ್ ಸೇರುವ ಮೂಲೆಯಲ್ಲಿ ಮಾತ್ರ ಇನ್ನೂ ಚಿವುಟಿದ ಹಾಗಿದೆ.

ಯಾದವಗಿರಿ_ಸರ್ಫೇಸ್:
ಅಲ್ಲಿ ಮೂರು ಬದಿಯ ಪ್ಯಾಚ್ ಆಗಿದೆ. ಒಂದು ಬದಿ ಕುಗ್ಗಿ ಒಂದೇ ಬಿಂದುವಾಗಿರುತ್ತದೆ, ಚಿವುಟು ಅಲ್ಲಿಂದಲೇ. ಮೂರಕ್ಕೂ ಒಂದೇ ರೇಡಿಯಸ್ ಇಡಬೇಡಿ. ದೊಡ್ಡದನ್ನು ಮೊದಲು ಹಾಕಿ, ಸಣ್ಣದು ಅದರ ಮೇಲೆ ಸುತ್ತಿಕೊಂಡು ಹೋಗಲಿ. ಆಗಲೂ ಒಪ್ಪದಿದ್ದರೆ ಮೂಲೆಯನ್ನು ಟ್ರಿಮ್ ಮಾಡಿ, ನಾಲ್ಕು ಬದಿ ಮಾಡಿಕೊಂಡು ಬೌಂಡರಿ ಸರ್ಫೇಸ್ ಹಾಕಿ. ಸ್ಕ್ರೀನ್‌ಶಾಟ್ ಹಾಕುವಾಗ ಜೀಬ್ರಾ ಆನ್ ಇರಲಿ, ರೆಂಡರ್ ಬೇಡ.