ಮುರಕಲ್ಲಿಗೆ ಲ್ಯಾಟರೈಟ್ ಅನ್ನೋ ಹೆಸರು ಎಲ್ಲಿಂದ ಬಂತು?

ಪ್ರಶ್ನೆ: ನಮಸ್ಕಾರ ಸರ್. ಪುತ್ತೂರಿನ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ನಾವು ಕೆಂಪುಕಲ್ಲು, ಮುರಕಲ್ಲು ಅನ್ನುವುದನ್ನು ಎಂಜಿನಿಯರ್ ಎಸ್ಟಿಮೇಟಿನಲ್ಲಿ ‘ಲ್ಯಾಟರೈಟ್’ ಅಂತ ಬರೆದಿದ್ದಾರೆ. ಹಾಗಂದರೇನು?

ಭೂವಿಜ್ಞಾನಿಯ ಉತ್ತರ: ನಮಸ್ಕಾರ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ, ಲ್ಯಾಟರೈಟ್ ಅನ್ನೋ ಹೆಸರು ಬಂದದ್ದು ಅದರಿಂದ. ಆದರೆ ಈ ಹೆಸರು ಹುಟ್ಟಿದ್ದು ನಮ್ಮ ಪಡುವಣ ಕರಾವಳಿಯಲ್ಲೇ! ಟಿಪ್ಪು ತೀರಿಕೊಂಡ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯರು ಈಸ್ಟ್ ಇಂಡಿಯಾ ಕಂಪನಿಗಾಗಿ ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಲು ಹೊರಟರು. ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಗಮನಿಸಿದರು. ನೆಲದೊಳಗೆ ಇರುವಾಗ ಎಷ್ಟು ಮೆದು ಅಂದರೆ ಯಾವ ಕಬ್ಬಿಣದ ಹತಾರದಿಂದಲೂ ಕಡಿಯಬಹುದು. ಚೌಕಾಕಾರವಾಗಿ ಕಡಿದು ಹೊರಗಿಟ್ಟರೆ ಗಟ್ಟಿಯಾಗುತ್ತದೆ. ಇಲ್ಲಿನ ಕೆಲವು ಭಾಷೆಗಳಲ್ಲಿ ಇದಕ್ಕೆ ‘ಇಟಿಕ ಕಲ್ಲು’ ಅನ್ನುತ್ತಾರೆ ಅಂತಲೂ ಅವರು ಬರೆದಿದ್ದಾರೆ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಪ್ರವಾಸದ ಪುಸ್ತಕದಲ್ಲಿ ಲ್ಯಾಟರೈಟ್ ಅನ್ನೋ ಹೆಸರು ಬಂತು. ಈಗ ಬ್ರೆಜಿಲ್, ಆಫ್ರಿಕಾದಲ್ಲೂ ಅದೇ ಹೆಸರು. ಇದನ್ನು ಇಟ್ಟಿಗೆಯ ಕಲ್ಲು ಅಂತ ಮೊದಲು ಕರೆದವರು ಇಲ್ಲಿನ ಜನ ಅನ್ನೋದು ನನಗೆ ದೊಡ್ಡ ಹೆಮ್ಮೆ.

ಗುಂಪಿನ ಇನ್ನೊಬ್ಬ ಸದಸ್ಯೆ: ಹಾಗಾದರೆ ನಮ್ಮ ಕೋಲಾರದ ಕೆಂಪು ಮಣ್ಣೂ ಲ್ಯಾಟರೈಟೇನಾ ಸರ್?

ಉತ್ತರ: ಅಲ್ಲ ಮೇಡಂ, ಬಣ್ಣ ನೋಡಿ ಹೇಳಲಾಗದು. ನಿಮ್ಮ ಕಡೆಯ ಕೆಂಪು ಮಣ್ಣು ಹೆಚ್ಚಾಗಿ ಗ್ರಾನೈಟ್ ಜಾತಿಯ ಕಲ್ಲು ಸವೆದು ಆದದ್ದು. ಲ್ಯಾಟರೈಟ್ ಆಗಲು ಸೆಕೆ, ಜೋರು ಮಳೆ, ತುಂಬಾ ದೀರ್ಘ ಕಾಲ ಬೇಕು. ಮಳೆನೀರು ಬಂಡೆಯಲ್ಲಿನ ಸುಣ್ಣ, ಪೊಟ್ಯಾಷ್, ಸಿಲಿಕಾ ಎಲ್ಲವನ್ನೂ ಕರಗಿಸಿ ಒಯ್ಯುತ್ತದೆ. ಉಳಿಯುವುದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಅಲ್ಯುಮಿನಿಯಂ ಜಾಸ್ತಿ ಇದ್ದರೆ ಅದೇ ಬಾಕ್ಸೈಟ್, ಅಂದರೆ ಅಲ್ಯುಮಿನಿಯಂ ತೆಗೆಯುವ ಅದಿರು, ಬೆಳಗಾವಿ ಕಡೆ ಸಿಗುತ್ತದೆ.

ಮೊದಲು ಕೇಳಿದವರು: ಹೊರಗಿಟ್ಟರೆ ಯಾಕೆ ಗಟ್ಟಿಯಾಗುತ್ತದೆ?

ಉತ್ತರ: ಒಳಗಿನ ಪಸೆ ಆರಿದಂತೆ ಕಬ್ಬಿಣದ ಅಂಶ ಹರಳುಗಟ್ಟಿ ಕಣಗಳನ್ನು ಬೆಸೆಯುತ್ತದೆ. ಕೋರೆಯಿಂದ ಬಂದ ಕಲ್ಲನ್ನು ಆ ದಿನವೇ ಗೋಡೆಗೆ ಏರಿಸಬೇಡಿ, ಚೆನ್ನಾಗಿ ಒಣಗಲಿ. ಒಂದು ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ. ಹುಳ ಕೊರೆದಂಥ ತೂತುಗಳು, ನಡುವೆ ಬಿಳಿ, ಹಳದಿ ಮಣ್ಣು ಕಾಣುತ್ತದೆ. ಮಣ್ಣು ಜಾಸ್ತಿ ಇರುವ ಕಲ್ಲು ಬೇಡ. ಮತ್ತೊಂದು ಮಾತು. ಮುರಕಲ್ಲಿನ ಪದರದ ಕೆಳಗೆ ಶೇಡಿಮಣ್ಣು, ಅಂದರೆ ಮೆದುವಾದ ಜೇಡಿಮಣ್ಣು, ಇರುತ್ತದೆ. ಗುಡ್ಡ ಕಡಿಯುವಾಗ ಅದು ಹೊರಗೆ ಬಂದರೆ ಮಳೆಗೆ ಕೊಚ್ಚಿಹೋಗುತ್ತದೆ, ಮೇಲಿನ ಕಲ್ಲೂ ಜಾರುತ್ತದೆ. ಹಾಗೆ ಕಂಡರೆ ಕೆಲಸ ನಿಲ್ಲಿಸಿ, ಎಂಜಿನಿಯರಿಗೆ ತೋರಿಸಿ.