ಸಿಗ್ನಲ್ ಕಡ್ಡಿಗಳು ತುಂಬಿದ್ದರೂ ಸಂಜೆಯಾದೊಡನೆ ಇಂಟರ್ನೆಟ್ ಕುಂಟುವುದೇಕೆ?

ಪ್ರಶ್ನೆ

ನಮ್ಮ ಮನೆಗೆ ಕೇಬಲ್ ಸಂಪರ್ಕ ಇಲ್ಲದ ಕಾರಣ ಸಿಮ್ ಹಾಕುವ 4ಜಿ ರೂಟರನ್ನೇ ಎರಡು ವರ್ಷಗಳಿಂದ ನೆಚ್ಚಿಕೊಂಡಿದ್ದೇವೆ. ಬೆಳಗಿನ ವೀಡಿಯೊ ಸಭೆಗಳು ತಡೆಯಿಲ್ಲದೆ ನಡೆಯುತ್ತವೆ. ಸಂಜೆ ಏಳರ ನಂತರ ಎದುರಿನವರ ಚಿತ್ರ ನಿಂತಲ್ಲೇ ನಿಂತು, ಮಾತು ತುಂಡು ತುಂಡಾಗಿ ಕೇಳಿಸಿ, ಕೊನೆಗೆ ಕರೆಯೇ ಕಡಿದುಹೋಗುತ್ತದೆ. ಆಗಲೂ ರೂಟರಿನ ನಾಲ್ಕೂ ಕಡ್ಡಿಗಳು ಉರಿಯುತ್ತಿರುತ್ತವೆ. ಮೂರು ಬಾರಿ ಫ್ಯಾಕ್ಟರಿ ರೀಸೆಟ್ ಮಾಡಿದ್ದಾಯಿತು. ಗ್ರಾಹಕ ಸೇವೆಯವರು "ಆಫ್ ಮಾಡಿ ಆನ್ ಮಾಡಿ" ಎನ್ನುವುದರಾಚೆಗೆ ಹೋಗುವುದಿಲ್ಲ. ರೂಟರ್ ಇರುವುದು ನಡುಮನೆಯಲ್ಲಿ, ಟಿವಿಯ ಹಿಂದೆ. ಹೊಸದನ್ನು ಕೊಳ್ಳಬೇಕೇ?

ಉತ್ತರ 1

ಕೊಳ್ಳುವ ಮಾತು ಆಮೇಲೆ. ದೋಷ ವೈಫೈಯಲ್ಲಿದೆಯೋ, ರೂಟರಿನಿಂದ ಟವರಿಗೆ ಹೋಗುವ ದಾರಿಯಲ್ಲಿದೆಯೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಿ. ಸಂಜೆ ತೊಂದರೆ ಶುರುವಾದಾಗ ಲ್ಯಾಪ್‌ಟಾಪಿನಲ್ಲಿ ಆದೇಶ ಟೈಪ್ ಮಾಡುವ ಎರಡು ಕಿಟಕಿ (ಕಮಾಂಡ್ ಪ್ರಾಂಪ್ಟ್) ತೆರೆದು, ಒಂದರಲ್ಲಿ ರೂಟರಿನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1), ಇನ್ನೊಂದರಲ್ಲಿ 8.8.8.8ಕ್ಕೆ (ಇಂಟರ್ನೆಟ್ಟಿನಲ್ಲಿರುವ ಗೂಗಲ್ ಸರ್ವರಿನ ವಿಳಾಸ) ಪಿಂಗ್ ಹಚ್ಚಿಬಿಡಿ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆಂದು ಅಳೆಯುತ್ತಿರಿ. ರೂಟರಿನ ಉತ್ತರ ಕೆಲವೇ ಮಿಲಿಸೆಕೆಂಡುಗಳಲ್ಲಿ ಬರುತ್ತಲೇ ಇದ್ದು, ಹೊರಗಿನದು ಮಾತ್ರ 50ರಿಂದ 800ಕ್ಕೆ ಜಿಗಿಯುತ್ತಿದ್ದರೆ ವೈಫೈ ನಿರಪರಾಧಿ. ರೂಟರಿನ ಉತ್ತರವೇ ತಡವರಿಸಿದರೆ ವೈಫೈಯನ್ನು 2.4 ಗಿಗಾಹರ್ಟ್ಸ್ ಬಿಟ್ಟು 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ ನೋಡಿ.

ಉತ್ತರ 2

ಕಡ್ಡಿಗಳನ್ನು ನಂಬಬೇಡಿ, ಅವನ್ನು ಎಣಿಸುವ ಲೆಕ್ಕ ಒಂದೊಂದು ತಯಾರಕರದು ಒಂದೊಂದು ಬಗೆ. ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಆರ್‌ಎಸ್‌ಆರ್‌ಪಿ ಮತ್ತು ಎಸ್‌ಐಎನ್‌ಆರ್ ಎಂಬ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಟವರಿನ ದನಿ ಎಷ್ಟು ಜೋರಾಗಿ ತಲುಪುತ್ತಿದೆ ಎಂಬುದನ್ನು ಹೇಳುತ್ತದೆ: −80 ಡಿಬಿಎಂ ಆಸುಪಾಸು ಬಹಳ ಒಳ್ಳೆಯದು, −110ಕ್ಕಿಂತ ಕೆಳಗಿಳಿದರೆ ಕಷ್ಟ. ಎರಡನೆಯದು, ಸುತ್ತಲಿನ ಗದ್ದಲದ ನಡುವೆ ಆ ದನಿ ಎಷ್ಟು ಸ್ಪಷ್ಟ ಎಂಬುದರ ಅಳತೆ. ಅದು 20 ಡೆಸಿಬೆಲ್ ಇದ್ದರೆ ಉತ್ತಮ, ಸೊನ್ನೆಗೆ ಹತ್ತಿರವಾದರೆ ಕಡ್ಡಿ ಎಷ್ಟಿದ್ದರೂ ವೇಗ ಸಿಗದು. ಟಿವಿಯ ಹಿಂದಿನ ಜಾಗವಂತೂ ರೂಟರಿಗೆ ಸೆರೆಮನೆಯೇ ಸರಿ. ಒಂದೊಂದು ಕಿಟಕಿಯ ಬಳಿ ಇಟ್ಟು, ಒಂದೆರಡು ನಿಮಿಷ ಅಂಕಿಗಳು ನೆಲೆಗೊಳ್ಳಲು ಬಿಟ್ಟು, ಬರೆದುಕೊಳ್ಳಿ. ಲೋಹದ ಲೇಪನವಿರುವ ಗಾಜು ಸಿಗ್ನಲನ್ನು ಗೋಡೆಗಿಂತಲೂ ಹೆಚ್ಚು ತಡೆಯಬಹುದು, ಆದ್ದರಿಂದ ಕಿಟಕಿ ತೆರೆದೂ ಒಮ್ಮೆ ನೋಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ರೂಟರಿನ ಪಿಂಗ್ ಸರಿಯಾಗಿಯೇ ಇದೆ, ಹೊರಗಿನದು ಮಾತ್ರ ಜಿಗಿಯುತ್ತಿದೆ. ಟಿವಿಯ ಹಿಂದೆ ಆರ್‌ಎಸ್‌ಆರ್‌ಪಿ −94, ಎಸ್‌ಐಎನ್‌ಆರ್ 2 ಇತ್ತು. ಮಹಡಿಯ ಹಿಂಬದಿಯ ಕಿಟಕಿಯಲ್ಲಿ ಇಟ್ಟಾಗ −97ಕ್ಕೆ ಇಳಿದು ಒಂದು ಕಡ್ಡಿಯೂ ಆರಿತು, ಆದರೆ ಎಸ್‌ಐಎನ್‌ಆರ್ 13ಕ್ಕೆ ಏರಿ, ವೇಗ ಮೂರು ಪಟ್ಟಾಯಿತು! ಏಳು ಗಂಟೆಯ ಸಭೆ ಈಗ ನಿರಾತಂಕ. ಒಂಬತ್ತರ ಮೇಲೆ ಮಾತ್ರ, ಅಂಕಿಗಳು ಹಾಗೆಯೇ ಇದ್ದರೂ, ಪಿಂಗ್ 300 ದಾಟುತ್ತದೆ.

ಉತ್ತರ 3

ಉಳಿದಿರುವುದು ಬಹುಶಃ ಟವರಿನ ದಟ್ಟಣೆ. ಒಂದು ಸೆಲ್ಲಿನ (ಟವರಿನ ಒಂದು ಭಾಗ ಸೇವೆ ಕೊಡುವ ಪ್ರದೇಶದ) ಸಾಮರ್ಥ್ಯವನ್ನು ಅದಕ್ಕೆ ಜೋಡಿಕೊಂಡವರೆಲ್ಲ ಹಂಚಿಕೊಳ್ಳುವುದರಿಂದ, ಎಲ್ಲರೂ ವೀಡಿಯೊ ನೋಡುವ ಹೊತ್ತಿಗೆ ನಿಮ್ಮ ಪಾಲು ಕರಗುತ್ತದೆ. ಹೊರಗೆ ಆಂಟೆನಾ ನಿಲ್ಲಿಸಿದರೂ ಅದು ಪೂರ್ತಿ ಪರಿಹಾರವಾಗದು. ರೂಟರ್ ಈಗ ಟವರಿನ ಯಾವ ಬ್ಯಾಂಡ್ (ರೇಡಿಯೊ ಆವರ್ತನಗಳ ಪಟ್ಟಿ) ಹಿಡಿದಿದೆ ನೋಡಿ. 800 ಅಥವಾ 900 ಮೆಗಾಹರ್ಟ್ಸ್‌ನಂತಹ ಕೆಳಗಿನ ಬ್ಯಾಂಡುಗಳು ಗೋಡೆ ದಾಟಿ ದೂರ ಬರುತ್ತವೆಯಾದರೂ ಅವುಗಳ ಅಗಲ ಸಾಮಾನ್ಯವಾಗಿ ಕಡಿಮೆ, ಹಾಗಾಗಿ ಒಮ್ಮೆಗೆ ಸಾಗಿಸುವ ಡೇಟಾವೂ ಕಡಿಮೆ. ರೂಟರಿನಲ್ಲಿ ಬ್ಯಾಂಡ್ ಲಾಕ್ ಸೌಲಭ್ಯವಿದ್ದರೆ 1800ಕ್ಕೋ ಇನ್ನೂ ಮೇಲಿನದಕ್ಕೋ ಕಟ್ಟಿಹಾಕಿ, ರಾತ್ರಿ ಒಂಬತ್ತಕ್ಕೇ ಪರೀಕ್ಷಿಸಿ. ಬೆಳಗಿನ ಪರೀಕ್ಷೆಯಿಂದ ಈ ವಿಷಯದಲ್ಲಿ ಏನೂ ತಿಳಿಯದು. ಆ ಬ್ಯಾಂಡ್ ಕೈಕೊಟ್ಟ ದಿನ ಸಂಪರ್ಕವೇ ಹೋಗುವುದರಿಂದ, ಲಾಕ್ ಮಾಡಿದ್ದನ್ನು ಮರೆಯಬೇಡಿ. ನಾನು ಮರೆತು, ಅರ್ಧ ದಿನ ಗ್ರಾಹಕ ಸೇವೆಯವರೊಡನೆ ಜಗಳವಾಡಿದ್ದೇನೆ. ಇದೂ ಫಲಿಸದಿದ್ದರೆ ಬೇರೆ ಕಂಪನಿಯ ಸಿಮ್ಮನ್ನು ಎರವಲು ತಂದು ಅದೇ ಕಿಟಕಿಯಲ್ಲಿ, ಅದೇ ಹೊತ್ತಿನಲ್ಲಿ ಹಾಕಿ ನೋಡಿ. ರೂಟರ್ ಬದಲಿಸುವ ಯೋಚನೆ ಅದಾದ ಮೇಲೆಯೇ ಬರಲಿ.